ಗಜನಿಯ ಕಟ್ಟೂ ನಡೆಯುವವನ ಋಣವೂ

ಕಾಲ್ನಡಿಗೆಗೆ ಯೋಗ್ಯವಾದ ನೆಲವೆಂದರೆ ಬೆಟ್ಟವೊಂದೇ. ತಗ್ಗಿನ ನೀರುನೆಲವು ನಡೆಯತಕ್ಕದ್ದಲ್ಲ, ಬೇಗನೆ ದಾಟಿ ಆಚೆಗೆ ಹೋಗತಕ್ಕದ್ದು ಎಂಬ ಅಭಿಪ್ರಾಯವೊಂದು ನಮ್ಮ ಜಿಲ್ಲೆಯ ವಿದ್ಯಾವಂತರಲ್ಲಿ ಬೇರೂರಿದೆ. ತಗ್ಗುನೆಲದಲ್ಲಿಯೂ ಜನರು ನಡೆಯಲಿ, ಆದರೆ ಅಲ್ಲಿಗೆ ಸಿಮೆಂಟಿನ ಹೊಸ ದಾರಿಯೂ ಕಟಕಟೆಯೂ ದೀಪದ ಕಂಬವೂ ಬಂದ ಮೇಲೆ ನಡೆಯಲಿ ಎನ್ನುವವರು ಕೆಲವರು. ಹಕ್ಕಿಗಳ ಹಿತಕ್ಕಾಗಿ ಮನುಷ್ಯನು ಅಲ್ಲಿ ಕಾಲಿಡಲೇ ಕೂಡದೆನ್ನುವವರು ಮತ್ತೆ ಕೆಲವರು. ಈ ಮೂರು ಪಕ್ಷಗಳೂ ಪರಸ್ಪರ ವಿರುದ್ಧವಾದುವೆಂದು ತೋರಿದರೂ ಒಂದು ವಿಷಯದಲ್ಲಿ ಏಕಮತವುಳ್ಳವು; ಅಲ್ಲಿ ಈಗಾಗಲೇ ಒಂದು ದಾರಿಯಿದೆ ಎಂಬುದನ್ನು ಮೂರೂ ಕಾಣವು. ಆ ದಾರಿಯಿದೆ, ಅದು ಅಳಿಯುತ್ತಿದೆ, ಅದನ್ನು ಉಳಿಸುವ ಬಗೆಯು ಈ ಮೂರರಲ್ಲಿ ಯಾವುದೂ ಅಲ್ಲ ಎಂಬುದನ್ನು ಸಾಧಿಸುವುದೇ ಈ ಲೇಖನದ ಉದ್ದೇಶವು.

ವಿಷಯವು ಗಾಳಿಮಾತಾಗದಿರಲೆಂದು ಒಂದೇ ನದಿಯನ್ನು ಹಿಡಿದು ಹೇಳುತ್ತೇನೆ. ಶಿರಸಿಯ ಸೀಮೆಯಲ್ಲಿ ಹುಟ್ಟಿ, ಉಂಚಳ್ಳಿಯಲ್ಲಿ ೧೧೬ ಮೀಟರು ಧುಮುಕಿ, ಎಲ್ಲಿಯೂ ಅಣೆಕಟ್ಟಿಗೆ ಸಿಕ್ಕದೆ ಸುಮಾರು ೧೨೦ ಕಿಲೋಮೀಟರು ಹರಿದು, ಕುಮಟಾ ತಾಲೂಕಿನಲ್ಲಿ ಅಘನಾಶಿನಿ ಮತ್ತು ತದಡಿ ಎಂಬೆರಡು ಗ್ರಾಮಗಳ ನಡುವೆ ಕಡಲನ್ನು ಸೇರುವ ಅಘನಾಶಿನಿಯೇ ಆ ನದಿಯು. ಅದರ ಅಳಿವೆಯ ಪ್ರದೇಶದಲ್ಲಿ ೪,೮೦೧ ಹೆಕ್ಟೇರುಗಳನ್ನು ೨೦೨೪ರಲ್ಲಿ ರಾಮ್ಸಾರ್ ಪಟ್ಟಿಗೆ, ಎಂದರೆ ೧೯೭೧ರಲ್ಲಿ ಇರಾನ್ ದೇಶದ ರಾಮ್ಸಾರ್ ಪಟ್ಟಣದಲ್ಲಿ ಆದ ಒಪ್ಪಂದದ ಪ್ರಕಾರ ಜಗತ್ತಿನ ಮುಖ್ಯವಾದ ಜೌಗುನೆಲಗಳ ಪಟ್ಟಿಗೆ, ಸೇರಿಸಿದ್ದಾರೆ. ಕರ್ನಾಟಕದಲ್ಲಿ ಇದಕ್ಕೆ ಮುಂಚೆ ಆ ಪಟ್ಟಿಯನ್ನು ಸೇರಿದ್ದುದು ೨೦೨೨ರಲ್ಲಿ ರಂಗನತಿಟ್ಟು ಒಂದೇ. ಇಷ್ಟು ದೊಡ್ಡ ಗೌರವವು ಬಂದ ಮೇಲೆ ಅದನ್ನು ನೋಡುವುದಕ್ಕೆ ಜನರು ಬರುವುದು ಸಹಜವು. ಬರುವವರನ್ನು ಎಲ್ಲಿ ನಡೆಯಿಸಬೇಕೆಂಬ ಪ್ರಶ್ನೆಯು ಏಳುವುದೂ ಸಹಜವು.

ಆ ನೆಲದ ಸ್ವರೂಪವನ್ನು ಮೊದಲು ತಿಳಿಯಬೇಕು. ನದಿಯ ಎರಡು ದಂಡೆಗಳಲ್ಲಿಯೂ, ಹೆಗಡೆ, ಮಾಸೂರು, ಕಾಗಾಲಗಳ ಕಡೆಗೂ, ಮಿರ್ಜಾನ, ಕೋಡ್ಕಣಿ, ತೊರ್ಕೆಗಳ ಕಡೆಗೂ, ನಡುವೆ ಐಗಳಕುರ್ವೆಯಂತಹ ಕುರ್ವೆಗಳಲ್ಲಿಯೂ ಹರಡಿರುವ ತಗ್ಗುಗದ್ದೆಗಳಿಗೆ ಗಜನಿಯೆಂದು ಹೆಸರು. ಇವು ಕಡಲಿನ ಉಬ್ಬರದ ಮಟ್ಟಕ್ಕಿಂತ ಕೆಳಗಿನ ನೆಲಗಳು. ಉಪ್ಪುನೀರು ಒಳಗೆ ನುಗ್ಗದಂತೆ ಸುತ್ತಲೂ ಮಣ್ಣಿನ ಕಟ್ಟುಗಳನ್ನು ಹಾಕಿ, ಅಲ್ಲಲ್ಲಿ ಹಲಗೆಯ ಬಾಗಿಲಿರುವ ತೂಬುಗಳನ್ನಿಟ್ಟು, ಮಳೆಗಾಲದ ಸಿಹಿನೀರಿನಿಂದ ಮಣ್ಣಿನ ಉಪ್ಪು ತೊಳೆದುಹೋದ ಮೇಲೆ ಅಲ್ಲಿ ಕಗ್ಗವೆಂಬ ಭತ್ತವನ್ನು ಬೆಳೆಯುತ್ತಾರೆ. ಉಪ್ಪನ್ನು ಸಹಿಸಿಕೊಂಡು, ಕೆಲವು ದಿನ ನೀರಿನಲ್ಲಿ ಮುಳುಗಿದರೂ ಕೊಳೆಯದೆ ಮತ್ತೆ ತಲೆಯೆತ್ತುವುದು ಆ ಭತ್ತದ ಗುಣವು. ಕೊಯ್ಲಿನಲ್ಲಿ ತೆನೆಯನ್ನು ಮಾತ್ರ ಕೊಯ್ದು ಹುಲ್ಲನ್ನು ಗದ್ದೆಯಲ್ಲಿಯೇ ಬಿಡುವುದುಂಟು. ಆಮೇಲೆ ತೂಬಿನ ಬಾಗಿಲನ್ನು ತೆರೆದು ಉಬ್ಬರದ ನೀರನ್ನು ಒಳಕ್ಕೆ ಬಿಡುತ್ತಾರೆ. ಅದರೊಡನೆ ಬಂದ ಸಿಗಡಿ ಮತ್ತು ಮೀನುಗಳು ಕೊಳೆತ ಹುಲ್ಲಿನ ಆಶ್ರಯದಲ್ಲಿ ಬೆಳೆಯುತ್ತವೆ. ಹೀಗೆ ಒಂದೇ ನೆಲವು ಅರ್ಧ ವರುಷ ಗದ್ದೆಯಾಗಿಯೂ ಅರ್ಧ ವರುಷ ಮೀನಿನ ಕೆರೆಯಾಗಿಯೂ ಇರುವುದು. ಇವೆರಡನ್ನೂ ಧಾರಣ ಮಾಡುವುದು ಕಟ್ಟು. ಆ ಕಟ್ಟಿನ ತಲೆಯೇ ನಾನು ಹೇಳುವ ದಾರಿಯು.

ಆ ದಾರಿಯನ್ನು ಯಾವ ಪ್ರವಾಸದ ಇಲಾಖೆಯೂ ಮಾಡಿದ್ದಲ್ಲ. ತೂಬು ನೋಡಲು ಹೋಗುವವನು, ಹೊರೆ ಹೊತ್ತು ಬರುವವಳು, ಇಳಿತದ ಹೊತ್ತಿಗೆ ಬಳಚು ಆರಿಸಲು ಇಳಿಯುವ ಹೆಂಗಸರು, ತಾರಿಯ ದೋಣಿಗೆ ಓಡುವ ಶಾಲೆಯ ಮಕ್ಕಳು, ಇವರೆಲ್ಲರ ಪಾದಗಳು ತಲೆಮಾರುಗಳಿಂದ ಅದನ್ನು ಗಟ್ಟಿಮಾಡಿವೆ. ತೋಡು ಅಡ್ಡ ಬಂದಲ್ಲಿ ಸಂಕ, ಹೊಳೆ ಅಡ್ಡ ಬಂದಲ್ಲಿ ತಾರಿ. ಕಟ್ಟು, ಸಂಕ, ತಾರಿ ಈ ಮೂರೂ ಸೇರಿ ಒಂದು ದಾರಿ. ಇವುಗಳಲ್ಲಿ ಒಂದು ಕಡಿದರೂ ಉಳಿದೆರಡು ವ್ಯರ್ಥವು.

ಇನ್ನು ಪೂರ್ವಪಕ್ಷಗಳನ್ನು ಒಂದೊಂದಾಗಿ ಪರೀಕ್ಷಿಸೋಣ.

ಮೊದಲನೆಯದು ಬೆಟ್ಟದ ಪಕ್ಷವು. ಕಾಲ್ನಡಿಗೆಯ ಪ್ರವಾಸಕ್ಕೆ ಈಗ ಚಾರಣವೆಂಬ ಹೆಸರು ರೂಢಿಗೆ ಬಂದಿದೆ. ಸಂಸ್ಕೃತದಲ್ಲಿ ಚಾರಣನೆಂದರೆ ಊರೂರು ಅಲೆದು ಪರರ ಕೀರ್ತಿಯನ್ನು ಹಾಡುವವನು. ಇಂದಿನ ಚಾರಣಿಗರಲ್ಲಿ ಅನೇಕರು ಶಿಖರದ ಮೇಲೆ ನಿಂತು ತಮ್ಮ ಕೀರ್ತಿಯನ್ನು ತಾವೇ ಪಟದ ಮೂಲಕ ಸಾರುವವರಾದುದರಿಂದ ಹೆಸರು ಅಷ್ಟೇನೂ ತಪ್ಪಿಲ್ಲ. ಶಾಸ್ತ್ರಕಾರರು ಗಡ್ಡರಿಕಾಪ್ರವಾಹವೆಂದು ಒಂದು ನ್ಯಾಯವನ್ನು ಹೇಳುತ್ತಾರೆ. ಮುಂದಿನ ಕುರಿ ಹೋದಲ್ಲಿಗೆ ಹಿಂದಿನ ಕುರಿಗಳೆಲ್ಲವೂ ಹೋಗುತ್ತವೆ ಎಂಬುದು ಅದರ ತಾತ್ಪರ್ಯವು. ೨೦೨೪ರ ಜನವರಿಯಲ್ಲಿ ೧,೭೧೨ ಮೀಟರು ಎತ್ತರದ ಕುಮಾರಪರ್ವತದ ದಾರಿಯಲ್ಲಿ ಒಂದೇ ದಿನ ಜನರು ಜಾತ್ರೆಯಂತೆ ನೆರೆದುದೂ, ಅರಣ್ಯದ ಚಾರಣಗಳನ್ನು ಸರಕಾರವು ಕೆಲವು ಕಾಲ ತಡೆಹಿಡಿದುದೂ, ಅದೇ ವರ್ಷ ಅಕ್ಟೋಬರಿನಲ್ಲಿ ಮುಂಗಡವಾಗಿ ಹೆಸರು ಬರೆಯಿಸಿಕೊಳ್ಳುವ ಏರ್ಪಾಡು ಬಂದುದೂ ವಾಚಕರಿಗೆ ತಿಳಿದದ್ದೇ. ಬೆಟ್ಟವನ್ನು ಹತ್ತಬಾರದೆಂದು ನಾನು ಹೇಳುವುದಿಲ್ಲ. ಬೆಟ್ಟವೊಂದೇ ಹತ್ತತಕ್ಕದ್ದೆಂಬ ಭ್ರಮೆಯು ಬೆಟ್ಟಕ್ಕೂ ಕ್ಷೇಮವಲ್ಲ, ತಗ್ಗುನಾಡಿಗೂ ಕ್ಷೇಮವಲ್ಲ ಎಂದಷ್ಟೇ ಹೇಳುತ್ತೇನೆ. ದೂರದ ಬೆಟ್ಟ ನುಣ್ಣಗೆ ಎಂದ ನಮ್ಮ ಹಿರಿಯರು ಹತ್ತಿರದ ಗದ್ದೆಯ ಬದುವನ್ನು ನೋಡಿಕೊಂಡೇ ಆ ಮಾತನ್ನು ಆಡಿರಬೇಕು.

ಕುಮಟೆಯಿಂದ ಗೋಕರ್ಣಕ್ಕೆ ಕಡಲತೀರದಲ್ಲಿ ನಡೆದು ಹೋಗುವ ತರುಣರ ಗುಂಪುಗಳು ಚಳಿಗಾಲದ ವಾರದ ಕೊನೆಗಳಲ್ಲಿ ಬರುತ್ತವೆ. ಅವರು ಅಘನಾಶಿನಿ ಗ್ರಾಮದಲ್ಲಿ ದೋಣಿ ಹತ್ತಿ ತದಡಿಯಲ್ಲಿ ಇಳಿದು ಮತ್ತೆ ಪಡುವಣದ ಮರಳಿಗೆ ಹೋಗುತ್ತಾರೆ. ದೋಣಿಯಲ್ಲಿ ಕುಳಿತಿರುವ ಆ ಕೆಲವು ನಿಮಿಷಗಳಲ್ಲಿ ಒಮ್ಮೆ ಮೂಡಣಕ್ಕೆ ತಿರುಗಿದರೆ ಜಗತ್ತು ಗಣಿಸಿದ ಜೌಗುನೆಲವು ಕಣ್ಣೆದುರಿಗಿದೆ. ಆದರೂ ನಾವು ಚರಂಡಿಯನ್ನು ದಾಟುವಂತೆ ಅದನ್ನು ದಾಟಿ ಹೋಗುವುದು ಕಾಣುತ್ತದೆ. ತಪ್ಪು ಆ ತರುಣರದಲ್ಲ. ಮೂಡಣಕ್ಕೂ ದಾರಿಯುಂಟೆಂದು ಅವರಿಗೆ ಹೇಳಬೇಕಾದವರು ನಾವು; ನಾವು ಹೇಳಲಿಲ್ಲ.

ತಗ್ಗುನೆಲದಲ್ಲಿ ರೋಗವುಂಟು, ಕೆಸರುಂಟು, ರಮ್ಯತೆಯಿಲ್ಲ ಎಂದು ಕೆಲವರು ಆಯುರ್ವೇದವನ್ನೇ ಪ್ರಮಾಣಕ್ಕೆ ತರುತ್ತಾರೆ. ವೈದ್ಯಶಾಸ್ತ್ರವು ದೇಶಗಳನ್ನು ಜಾಂಗಲ, ಆನೂಪ, ಸಾಧಾರಣ ಎಂದು ಮೂರಾಗಿ ವಿಭಾಗಿಸಿ, ಆನೂಪದಲ್ಲಿ ವಾತಕಫಗಳ ಪ್ರಾಬಲ್ಯವನ್ನು ಹೇಳಿರುವುದು ನಿಜವು. ಆದರೆ ಅದೇ ಚರಕಾಚಾರ್ಯನು ಆನೂಪವನ್ನು ವರ್ಣಿಸುವಾಗ ನದಿಗಳನ್ನೂ ತಂಪುಗಾಳಿಯನ್ನೂ ಹಂಸಚಕ್ರವಾಕಾದಿ ಪಕ್ಷಿಗಳ ಧ್ವನಿಯನ್ನೂ ಬಿಟ್ಟಿಲ್ಲ. ವೈದ್ಯನು ಒಂದು ದೇಶದ ದೋಷವನ್ನು ಹೇಳುವುದು ಅಲ್ಲಿ ಬದುಕುವವನಿಗೆ ಪಥ್ಯವನ್ನು ಕಲಿಸುವುದಕ್ಕೆ. ಅಲ್ಲಿ ಕಾಲಿಡಬೇಡವೆಂದು ನಿಷೇಧಿಸುವುದಕ್ಕಲ್ಲ. ಕಾಳಿದಾಸನು ರಘುವಂಶದ ಎಂಟನೆಯ ಸರ್ಗದಲ್ಲಿ ನಾರದನನ್ನು ದಕ್ಷಿಣಸಮುದ್ರದ ದಡದ ಗೋಕರ್ಣಕ್ಕೆ ಆಕಾಶಮಾರ್ಗದಿಂದ ಕಳುಹಿಸಿದನು. ದೇವರ್ಷಿಗೆ ಅದು ಸಲ್ಲುತ್ತದೆ. ನಮ್ಮ ಯಾತ್ರಿಕರಿಗೆ ತಾರಿಯೂ ಕಟ್ಟೂ ಬೇಕಾಗಿದ್ದುವು. ತೀರ್ಥವೆಂಬ ಶಬ್ದವೇ ದಾಟುವುದೆಂಬ ಅರ್ಥದ ತೃ ಧಾತುವಿನಿಂದ ಬಂದುದು. ಹೊಳೆಯನ್ನು ದಾಟುವ ಕಡವೇ ಮೊದಲು, ಪುಣ್ಯವು ಆಮೇಲೆ. ನಮ್ಮವರ ತಾರಿಯೆಂಬ ಮಾತೂ ಆ ಧಾತುವಿನ ಬಳಗದ್ದೇ.

ಎರಡನೆಯದು ಸಿಮೆಂಟಿನ ಪಕ್ಷವು. ಇದು ಮೊದಲನೆಯದಕ್ಕಿಂತ ಅಪಾಯಕರವಾದುದು, ಏಕೆಂದರೆ ಇದು ಸ್ನೇಹದ ವೇಷದಲ್ಲಿ ಬರುತ್ತದೆ. ಕಾಂಡ್ಲವನಗಳಲ್ಲಿ ನಡಿಗೆಯ ದಾರಿಗಳನ್ನು ಮಾಡುವುದಕ್ಕೆ ೨೦೧೯ರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಯಲ್ಲಿಯೇ ಷರತ್ತುಗಳೊಡನೆ ಅವಕಾಶವುಂಟು, ಹೊನ್ನಾವರದ ಕಾಸರಕೋಡಿನಲ್ಲಿ ಶರಾವತಿಯ ಕಾಂಡ್ಲವನದೊಳಗೆ ಹಲಗೆಯ ದಾರಿಯೊಂದು ಆಗಿದೆ, ನಮ್ಮಲ್ಲಿಯೂ ಏಕಾಗಬಾರದು ಎಂದು ಇವರು ಕೇಳುತ್ತಾರೆ. ಕಾಸರಕೋಡಿನ ದಾರಿಯನ್ನು ನಾನು ಹಳಿಯುವುದಿಲ್ಲ. ಮುದುಕರೂ ಮಕ್ಕಳೂ ಕೆಸರಿಗಿಳಿಯದೆ ಕಾಂಡ್ಲದ ಬೇರನ್ನು ಕಣ್ಣಾರೆ ಕಾಣುವಂತೆ ಅದು ಮಾಡಿದೆ. ಆದರೆ ಅದು ಕಾಡಿನೊಳಗಿನ ದಾರಿ. ಗಜನಿಯದು ಬೇಸಾಯದೊಳಗಿನ ದಾರಿ. ಕಾನೂನು ಅನುಮತಿಸಿತೆಂಬುದರಿಂದ ಒಂದು ಕೆಲಸವು ಉಚಿತವೆಂದು ಸಿದ್ಧವಾಗುವುದಿಲ್ಲ. ಉಪವಾಸಕ್ಕೂ ಕಾನೂನಿನ ಅಡ್ಡಿಯಿಲ್ಲ, ಅಜೀರ್ಣಕ್ಕೂ ಇಲ್ಲ.

ಗಜನಿಯ ಕಟ್ಟಿಗೆ ಶತ್ರುಗಳು ಮೂವರು: ಮೇಲಿನಿಂದ ಮಳೆ, ಹೊರಗಿನಿಂದ ಉಬ್ಬರದ ತೆರೆ, ಒಳಗಿನಿಂದ ಏಡಿ. ಏಡಿಯು ಕೊರೆದ ಬೆರಳಗಲದ ತೂತಿನೊಳಗೆ ನೀರು ಹೊಕ್ಕು, ಹುಣ್ಣಿಮೆ ಅಥವಾ ಅಮಾವಾಸ್ಯೆಯ ದೊಡ್ಡ ಉಬ್ಬರದಲ್ಲಿ ಅದು ಮಾರಗಲದ ಕೋಡಿಯಾಗಿ, ಒಂದು ರಾತ್ರಿಯಲ್ಲಿ ಇಡೀ ಗಜನಿಯ ಬೆಳೆಯನ್ನು ಉಪ್ಪಿಗೆ ಒಪ್ಪಿಸಬಲ್ಲುದು. ಕಟ್ಟಿನ ಮೇಲೆ ದಿನವೂ ನಡೆಯುವವನು ಆ ತೂತನ್ನು ಕಾಣುತ್ತಾನೆ. ಕಂಡವನು ಕೂಡಲೇ ಹಿಡಿ ಮಣ್ಣು ತುಂಬುತ್ತಾನೆ, ಇಲ್ಲವೆ ಕೂಗಿ ಹೇಳುತ್ತಾನೆ. ಮಣ್ಣಿನ ಕಟ್ಟು ಜೀವಿಸುವುದು ಹೀಗೆ, ಪ್ರತಿವರ್ಷ ಹೊಸ ಮಣ್ಣಿನಿಂದಲೂ ಪ್ರತಿದಿನ ನಡೆಯುವವರ ಕಣ್ಣಿನಿಂದಲೂ. ಅದರ ತಲೆಗೆ ಸಿಮೆಂಟಿನ ಹೊದಿಕೆಯನ್ನು ಹಾಕಿದರೆ ಮೇಲೆ ನಡೆಯುವವನ ಪಾದರಕ್ಷೆಗೆ ಕೆಸರಾಗದೆಂಬುದು ನಿಜವು. ಕೆಳಗೆ ಏಡಿಯು ಕೊರೆದುದು ಯಾರ ಕಣ್ಣಿಗೂ ಬೀಳದೆಂಬುದೂ ಅಷ್ಟೇ ನಿಜವು. ಹೊದಿಕೆಯು ಕುಸಿದ ದಿನವೇ ರೋಗವು ತಿಳಿಯುವುದು. ಆ ದಿನ ಚಿಕಿತ್ಸೆಗೆ ಕಾಲವು ಮೀರಿರುತ್ತದೆ. ದಾರಿಯನ್ನು ಅಗಲಿಸಿ ವಾಹನಗಳನ್ನು ಬಿಟ್ಟರೆ ಇನ್ನೂ ಕೇಡು. ಗಾಲಿಯ ಜಾಡಿನಲ್ಲಿ ಮಳೆನೀರು ನಿಂತು ಕಟ್ಟನ್ನು ಒಳಗಿನಿಂದಲೇ ಮೆತ್ತಗೆ ಮಾಡುವುದು.

ಸೇತುವೆಂಬ ಶಬ್ದಕ್ಕೆ ಇಂದು ನಾವು ದಾಟುವ ಸೇತುವೆಯೆಂಬ ಅರ್ಥವನ್ನೇ ಮುಖ್ಯವಾಗಿ ಹೇಳುತ್ತೇವೆ. ಮೂಲದಲ್ಲಿ ಅದು ಕಟ್ಟುವುದೆಂಬ ಅರ್ಥದ ಧಾತುವಿನಿಂದ ಆದುದು. ನೀರನ್ನು ತಡೆಯುವ ಕಟ್ಟಿಗೂ ಅದೇ ಹೆಸರು, ಮರ್ಯಾದೆಗೂ ಅದೇ ಹೆಸರು. ಸಂಸ್ಕೃತವು ಒಂದೇ ಶಬ್ದದಲ್ಲಿ ಹೇಳಿದ ಈ ಸಂಗತಿಯನ್ನು ನಮ್ಮ ಗಜನಿಯ ರೈತನು ಮಣ್ಣಿನಲ್ಲಿ ಮಾಡಿ ತೋರಿಸಿದ್ದಾನೆ. ಅವನ ಕಟ್ಟು ನೀರನ್ನು ತಡೆಯುತ್ತದೆ, ಜನರನ್ನು ದಾಟಿಸುತ್ತದೆ, ಊರಿನ ಮರ್ಯಾದೆಯನ್ನೂ ಹಿಡಿದಿದೆ. ಮೈಸೂರಿನಲ್ಲಿ ಆರ್. ಶಾಮಶಾಸ್ತ್ರಿಗಳು ಬೆಳಕಿಗೆ ತಂದು ೧೯೦೯ರಲ್ಲಿ ಅಚ್ಚುಮಾಡಿಸಿದ ಕೌಟಿಲೀಯ ಅರ್ಥಶಾಸ್ತ್ರದಲ್ಲಿ ದಾರಿಗಳ ಅಳತೆಯು ವಿಧಿಸಲ್ಪಟ್ಟಿದೆ. ರಾಜಮಾರ್ಗವು ಬೇರೆ, ರಥದ ದಾರಿಯು ಬೇರೆ. ಮನುಷ್ಯರೂ ಆಡುಕುರಿಗಳೂ ನಡೆಯುವ ದಾರಿಗೆ ಎರಡು ಅರತ್ನಿ, ಎಂದರೆ ಸುಮಾರು ಮೂರಡಿ ಸಾಕೆಂದು ಆತನ ಮತವು. ಅಂತಹ ಕಿರಿದಾದ ದಾರಿಯನ್ನು ತಡೆದವನಿಗೂ ಹನ್ನೆರಡು ಪಣಗಳ ದಂಡವನ್ನು ಆತನು ಹೇಳಿದ್ದಾನೆ. ದಾರಿಯು ಕಿರಿದೆಂಬ ಕಾರಣದಿಂದ ಅದಕ್ಕೆ ರಕ್ಷಣೆಯು ಬೇಡವೆಂದು ಆ ಕಠಿನಹೃದಯನಾದ ರಾಜನೀತಿಜ್ಞನೂ ಎಣಿಸಲಿಲ್ಲ. ನಮಗೆ ಬೇಕಾದುದೂ ಮೂರಡಿಯೇ. ಆ ಮೂರಡಿಯು ಗಜನಿಯ ಕಟ್ಟಿನ ತಲೆಯಲ್ಲಿ ಇದ್ದೇ ಇದೆ.

ಇಲ್ಲದ ದಾರಿಯನ್ನು ಕಟ್ಟುವುದಕ್ಕೆ ಹಣವು ಸುಲಭವಾಗಿ ಬರುತ್ತದೆ. ಇರುವ ದಾರಿಗೆ ಮಣ್ಣು ಹಾಕುವುದಕ್ಕೆ ಬರುವುದಿಲ್ಲ. ಹೊಸದಕ್ಕೆ ಉದ್ಘಾಟನೆಯುಂಟು, ಕಲ್ಲಿನ ಫಲಕವುಂಟು, ಅದರಲ್ಲಿ ಹೆಸರುಗಳುಂಟು. ಮಣ್ಣು ಹೊರುವುದಕ್ಕೆ ಫಲಕವಿಲ್ಲ. ಮೂಗಿಗಿಂತ ಮೂಗುತಿ ಭಾರವಾದಂತೆ, ಕಟ್ಟಿಗಿಂತ ಕಟಕಟೆಗೆ ಹೆಚ್ಚು ವೆಚ್ಚವಾದರೆ ಲಾಭವು ಗುತ್ತಿಗೆಯವನಿಗೆ, ಉಪ್ಪುನೀರು ರೈತನಿಗೆ.

ಮೂರನೆಯದು ನಿಷೇಧದ ಪಕ್ಷವು. ಇದನ್ನು ಹೇಳುವವರು ಸಜ್ಜನರು, ಹಕ್ಕಿಗಳ ಮೇಲೆ ನಿಜವಾದ ಪ್ರೀತಿಯುಳ್ಳವರು. ಆದುದರಿಂದ ಇವರಿಗೆ ವಿನಯದಿಂದಲೇ ಉತ್ತರ ಹೇಳಬೇಕು. ಚಳಿಗಾಲದಲ್ಲಿ ದೂರದೇಶಗಳಿಂದ ಬರುವ ಹಕ್ಕಿಗಳಿಗೆ ಇಳಿತದ ಹೊತ್ತಿನಲ್ಲಿ ತೆರೆದುಕೊಳ್ಳುವ ಕೆಸರುಹಾಸೇ ಅನ್ನಸತ್ರವು. ಅಲ್ಲಿ ಮನುಷ್ಯನು ತಿರುಗಾಡಿದರೆ ಅವು ಉಣ್ಣದೆ ಏಳುತ್ತವೆ. ಇದನ್ನು ನಾನು ಸಂಪೂರ್ಣವಾಗಿ ಒಪ್ಪುತ್ತೇನೆ. ಆದರೆ ಇದರಿಂದ ಸಿದ್ಧವಾಗುವುದು ಕೆಸರಿಗೆ ಇಳಿಯಬಾರದೆಂಬುದೇ ಹೊರತು ಕಟ್ಟಿನ ಮೇಲೆ ನಡೆಯಬಾರದೆಂಬುದಲ್ಲ. ಅಘನಾಶಿನಿಯ ತಗ್ಗುನೆಲವು ಮನುಷ್ಯಸ್ಪರ್ಶವಿಲ್ಲದ ಅರಣ್ಯವೆಂದು ತಿಳಿಯುವುದು ದೊಡ್ಡ ಪ್ರಮಾದವು. ಕೊಯ್ಲಾದ ಗದ್ದೆಯಲ್ಲಿ ಉದುರಿದ ಕಾಳು, ಬಿಟ್ಟ ಹುಲ್ಲು, ತೂಬಿನಿಂದ ಒಳಬಂದ ಮೀನು, ಇವೆಲ್ಲವೂ ರೈತನ ಕೈಯಿಂದ ಹಕ್ಕಿಗೆ ದೊರೆತವು. ರಾಮ್ಸಾರ್ ಒಪ್ಪಂದವೇ ಜೌಗುನೆಲಗಳ ವಿವೇಕಯುತವಾದ ಬಳಕೆಯನ್ನು ಹೇಳುತ್ತದೆ. ಬಳಕೆಯ ನಿಷೇಧವನ್ನು ಹೇಳುವುದಿಲ್ಲ.

ಮನುಷ್ಯರು ಹೋಗುವುದನ್ನು ಬಿಟ್ಟ ಗಜನಿಗಳ ಗತಿಯೇನೆಂಬುದು ನಮಗೆ ಊಹೆಯ ವಿಷಯವಲ್ಲ. ಕೂಲಿಯಾಳುಗಳು ಸಿಕ್ಕದೆಯೂ ಕಟ್ಟು ಒಡೆದುದನ್ನು ಕಟ್ಟಲಾರದೆಯೂ ಅನೇಕ ಗಜನಿಗಳಲ್ಲಿ ಕಗ್ಗದ ಬೇಸಾಯವು ನಿಂತಿದೆ. ಕೆಲವನ್ನು ಸಿಗಡಿಯ ಸಾಕಣೆಯು ಹಿಡಿಯಿತು. ಆ ವ್ಯವಸಾಯದ ಅತಿರೇಕಗಳನ್ನು ೧೯೯೬ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ತಡೆಯಬೇಕಾಯಿತು. ಮತ್ತೆ ಕೆಲವು ಗಜನಿಗಳಲ್ಲಿ ಕಾಂಡ್ಲವು ತಾನಾಗಿ ಬೆಳೆದಿದೆ. ಕಾಂಡ್ಲವು ಬೆಳೆದುದು ಒಳ್ಳೆಯದೇ. ಕಟ್ಟಿನ ಹೊರಮೈಯಲ್ಲಿ ಅದು ಬೆಳೆದರೆ ತೆರೆಯ ಹೊಡೆತವನ್ನು ತಾನು ತಿಂದು ಕಟ್ಟನ್ನು ಕಾಯುತ್ತದೆ. ಆದರೆ ಕಟ್ಟೇ ಇಲ್ಲವಾದ ಮೇಲೆ ಕಗ್ಗವೂ ಹೋಯಿತು, ಕಗ್ಗದ ಬೀಜವೂ ಹೋಯಿತು, ಐಗಳಕುರ್ವೆಯಂತಹ ದ್ವೀಪಗಳ ಬಾವಿಗಳಿಗೂ ಉಪ್ಪಿನ ಭಯವು ಬಂದಿತು. ಉಪ್ಪನ್ನು ಸಹಿಸುವ ಭತ್ತವೊಂದು ತಲೆಮಾರುಗಳ ಆಯ್ಕೆಯಿಂದ ನಮ್ಮ ಕೈಗೆ ಬಂದಿದೆ. ಕಡಲಿನ ಮಟ್ಟವು ಜಗತ್ತಿನಾದ್ಯಂತ ಏರುತ್ತಿರುವ ಈ ಕಾಲದಲ್ಲಿ ಅದನ್ನು ಕಳೆದುಕೊಳ್ಳುವುದು ದೀಪವನ್ನು ಆರಿಸಿ ಕತ್ತಲೆಯಲ್ಲಿ ಹೊರಟಂತೆ.

ಹೊರದೇಶದ ಒಂದು ನಿದರ್ಶನವನ್ನು ಹೇಳಬಹುದು. ಹಾಲೆಂಡು ಮತ್ತು ಜರ್ಮನಿಗಳ ತೀರದಲ್ಲಿ ವಾಡೆನ್ ಎಂಬ ಕಡಲಿದೆ. ೨೦೦೯ರಲ್ಲಿ ಅದು ವಿಶ್ವಪರಂಪರೆಯ ಪಟ್ಟಿಯನ್ನು ಸೇರಿತು. ಇಳಿತದಲ್ಲಿ ಅಲ್ಲಿ ತೆರೆಯುವ ಕೆಸರಿನ ಮೇಲೆ ಜನರು ದ್ವೀಪಗಳಿಗೆ ನಡೆದು ಹೋಗುವ ಸಂಪ್ರದಾಯವುಂಟು. ಆ ದೇಶದವರು ಕೆಸರಿನ ಮೇಲೆ ಸೇತುವೆಯನ್ನೂ ಕಟ್ಟಲಿಲ್ಲ, ಜನರನ್ನು ಹೊರಗೂ ಅಟ್ಟಲಿಲ್ಲ. ನೀರಿನ ಹೊತ್ತನ್ನು ಬಲ್ಲ ಸ್ಥಳೀಯ ಮಾರ್ಗದರ್ಶಕನ ಹಿಂದೆ ಗುಂಪಾಗಿ, ಗೊತ್ತುಮಾಡಿದ ಜಾಡಿನಲ್ಲಿ ನಡೆಯತಕ್ಕದ್ದೆಂದು ವಿಧಿಸಿದರು. ಅಂತಹ ಮಾರ್ಗದರ್ಶಕರು ನಮ್ಮ ಕುರ್ವೆಗಳಲ್ಲಿ ಮನೆಗೊಬ್ಬರಂತೆ ಇದ್ದಾರೆ, ಅವರನ್ನು ಕೇಳಿದವರಿಲ್ಲ.

ಇನ್ನು ಸಿದ್ಧಾಂತವನ್ನು ಹೇಳುತ್ತೇನೆ. ಬೆಟ್ಟದ ದಾರಿಗೂ ತಗ್ಗಿನ ದಾರಿಗೂ ಇರುವ ಮುಖ್ಯವಾದ ಭೇದವನ್ನು ಈ ವಾದದಲ್ಲಿ ಯಾರೂ ಎತ್ತಿಲ್ಲ. ಬೆಟ್ಟದ ದಾರಿಯು ಬಂಡೆಯ ಮೇಲಿದೆ. ಹತ್ತು ವರುಷ ಯಾರೂ ಹೋಗದಿದ್ದರೂ ಮುಳ್ಳನ್ನು ಸವರಿದರೆ ಮತ್ತೆ ಸಿಕ್ಕುತ್ತದೆ. ತಗ್ಗಿನ ದಾರಿಯು ಮನುಷ್ಯನು ಹಾಕಿದ ಮಣ್ಣಿನ ಮೇಲಿದೆ. ಎರಡು ಮಳೆಗಾಲ ಮಣ್ಣು ಹಾಕದಿದ್ದರೆ ಅದು ಹೊಳೆಯಲ್ಲಿ ಕರಗಿಹೋಗುತ್ತದೆ, ಮತ್ತೆ ಸಿಕ್ಕುವುದಿಲ್ಲ. ಆದುದರಿಂದ ಬೆಟ್ಟದಲ್ಲಿ ನಡೆಯುವವನು ಪ್ರಕೃತಿಗೆ ಋಣಿಯು. ಕಟ್ಟಿನ ಮೇಲೆ ನಡೆಯುವವನು ಅದನ್ನು ಕಟ್ಟಿದವನಿಗೆ ಋಣಿಯು. ಶಾಸ್ತ್ರದಲ್ಲಿ ದೇವಋಣ, ಋಷಿಋಣ, ಪಿತೃಋಣಗಳೆಂದು ಮೂರನ್ನು ಹೇಳಿದ್ದಾರೆ. ಈ ಮಾರ್ಗಋಣವನ್ನು ಯಾವುದರಲ್ಲಿ ಸೇರಿಸಬೇಕೆಂಬುದನ್ನು ಪಂಡಿತರು ಚರ್ಚಿಸಲಿ. ತೀರಿಸುವುದಂತೂ ಮಣ್ಣಿನಿಂದ, ಇಲ್ಲವೆ ಮಣ್ಣಿನ ಬೆಲೆಯಿಂದ.

ಹಾಗಾದರೆ ನಡೆಯುವವನಿಗೆ ಹಕ್ಕೇ ಇಲ್ಲವೋ ಎಂದರೆ, ಇದೆ. ೨೦ ವರ್ಷ ತಡೆಯಿಲ್ಲದೆ, ಬಹಿರಂಗವಾಗಿ, ಹಕ್ಕೆಂದು ಅನುಭವಿಸಿದ ದಾರಿಗೆ ೧೮೮೨ರ ಅನುಭೋಗದ ಹಕ್ಕುಗಳ ಕಾಯ್ದೆಯು ಮನ್ನಣೆ ಕೊಡುತ್ತದೆ. ಊರಿನ ರೂಢಿಯಿಂದ ಬಂದ ಹಕ್ಕಿಗೂ ಅದರಲ್ಲಿ ಸ್ಥಾನವಿದೆ. ಆದರೆ ಇದು ಮುಖ್ಯವಾಗಿ ಊರವರ ಹಕ್ಕು. ಮಾಸೂರಿನ ಹುಡುಗನು ಶಾಲೆಗೆ ಹೋಗುವ ದಾರಿಯನ್ನು ಯಾವನಾದರೊಬ್ಬನು ಬೇಲಿ ಹಾಕಿ ಮುಚ್ಚಿದರೆ ಅದು ಅನ್ಯಾಯವು. ಪಟ್ಟಣದಿಂದ ಬಂದ ಅತಿಥಿಯು ಆ ಹಕ್ಕಿನ ನೆರಳಿನಲ್ಲಿ ನಡೆಯುತ್ತಾನೆ, ಅತಿಥಿಗೆ ಅತಿಥಿಧರ್ಮವುಂಟು. ಇಂಗ್ಲೆಂಡಿನಲ್ಲಿ ೧೯೪೯ರ ಕಾನೂನಿನ ಮೂಲಕ ಹೊಲಗದ್ದೆಗಳ ನಡುವಿನ ಸಾರ್ವಜನಿಕ ಕಾಲುದಾರಿಗಳನ್ನೆಲ್ಲ ನಕ್ಷೆಯಲ್ಲಿ ಬರೆಯುವ ಏರ್ಪಾಡನ್ನು ಮಾಡಿದರು. ನಕ್ಷೆಯಲ್ಲಿ ಬರೆದ ದಾರಿಯನ್ನು ಉತ್ತು ಹಾಕುವುದು ಕಷ್ಟವು. ನಮ್ಮ ಕಟ್ಟಿನ ದಾರಿಗಳು ಇಂದು ಇರುವುದು ಮುದುಕರ ನೆನಪಿನಲ್ಲಿ ಮಾತ್ರ; ಮುದುಕರ ನೆನಪಿಗೆ ನೋಂದಣಿಯಿಲ್ಲ, ಆಯುಸ್ಸೂ ಹೆಚ್ಚಿಲ್ಲ.

ನಡೆಯುವವರು ಪಾಲಿಸಬೇಕಾದ ನಿಯಮಗಳು ಕಷ್ಟವಾದುವಲ್ಲ. ಜೂನಿನಿಂದ ಕೊಯ್ಲು ಮುಗಿಯುವವರೆಗೆ ಕಟ್ಟಿನ ಮಣ್ಣು ಮೆತ್ತಗೆ, ಗದ್ದೆಯಲ್ಲಿ ಬೆಳೆ. ಆ ಕಾಲದಲ್ಲಿ ಹೊರಗಿನವರು ಹೋಗಕೂಡದು. ನವೆಂಬರಿನಿಂದ ಮಾರ್ಚಿಯವರೆಗೆ ಹೋಗಬಹುದು. ಹೋಗುವ ಮುನ್ನ ಪಂಚಾಂಗವನ್ನು ನೋಡಬೇಕು. ಹುಣ್ಣಿಮೆ ಅಮಾವಾಸ್ಯೆಗಳ ಸುಮಾರಿಗೆ ಉಬ್ಬರವು ದೊಡ್ಡದು. ಅಷ್ಟಮಿ ನವಮಿಗಳ ಸುಮಾರಿಗೆ ಸಣ್ಣದು. ದಿನದಿಂದ ದಿನಕ್ಕೆ ಅದು ಸುಮಾರು ಐವತ್ತು ನಿಮಿಷ ತಡವಾಗುತ್ತದೆ. ಇಷ್ಟನ್ನು ಬಲ್ಲವನು ಸಂಕದ ಈಚೆ ಸಿಕ್ಕಿಬೀಳುವುದಿಲ್ಲ. ಒಬ್ಬರ ಹಿಂದೊಬ್ಬರಾಗಿ ನಡೆಯಬೇಕು. ತೂಬಿನ ಹಲಗೆಯನ್ನು ಮುಟ್ಟಬಾರದು. ಕುತೂಹಲದಿಂದ ಎತ್ತಿದ ಒಂದು ಹಲಗೆಯು ಒಂದು ಊರಿನ ಅನ್ನವನ್ನು ಕೆಡಿಸೀತು. ಕೆಸರಿಗಿಳಿದು ಹಕ್ಕಿಗಳನ್ನು ಎಬ್ಬಿಸಬಾರದು. ಸೊಂಟದ ಮಟ್ಟದ ನೀರಿನಲ್ಲಿ ಬಳಚು ಆರಿಸುವ ತಾಯಂದಿರು ನೋಟದ ವಸ್ತುಗಳಲ್ಲ. ಅವರ ಅನುಮತಿಯಿಲ್ಲದೆ ಪಟ ತೆಗೆಯುವುದು ಅಸಭ್ಯತೆಯು. ದಾರಿಯನ್ನೂ ನೀರನ್ನೂ ಮಲಿನ ಮಾಡಬಾರದೆಂದು ಮನುಸ್ಮೃತಿಯಲ್ಲಿಯೇ ಹೇಳಿದೆ. ಅದನ್ನು ಓದದವರಿಗೂ ಮನೆಯಲ್ಲಿ ಕಲಿಸಿರಬೇಕು.

ವೆಚ್ಚವೆಲ್ಲಿಂದ ಎಂದು ಕೇಳುವವರಿಗೆ ಉತ್ತರವಿದೆ. ಬೆಟ್ಟವನ್ನು ಹತ್ತುವುದಕ್ಕೆ ಶುಲ್ಕ ಕೊಡುವವರು ಕಟ್ಟಿನ ಮೇಲೆ ನಡೆಯುವುದಕ್ಕೂ ಕೊಡುತ್ತಾರೆ. ಆ ಹಣವು ದೂರದ ಖಜಾನೆಗೆ ಹೋಗದೆ ಆಯಾ ಗಜನಿಯ ರೈತರ ಸಂಘದ ಕೈಗೇ ಬಂದು, ಆ ವರುಷದ ಮಣ್ಣಿಗೂ ಸಂಕದ ಮರಕ್ಕೂ ತಾರಿಯ ದೋಣಿಗೂ ವಿನಿಯೋಗವಾಗಲಿ. ಆಗ ಹತ್ತು ಜನ ನಡೆದರೆ ಕಟ್ಟು ಸವೆಯುವ ಬದಲು ಬಲವಾಗುತ್ತದೆ. ಕಗ್ಗವನ್ನು ಬಿಡಬೇಕೆಂದಿದ್ದ ರೈತನಿಗೆ ಇನ್ನೊಂದು ವರುಷ ಬಿತ್ತುವುದಕ್ಕೆ ಒಂದು ಕಾರಣವು ಸಿಕ್ಕುತ್ತದೆ. ಅಷ್ಟರಿಂದಲೇ ಕಗ್ಗವು ಉಳಿದೀತೆಂದು ನಾನು ಭ್ರಮಿಸಿಲ್ಲ. ಬೀಜಕ್ಕೂ ಬೆಲೆಗೂ ಕೂಲಿಗೂ ಸರಕಾರದ ಸಹಾಯವು ಬೇಕೇ ಬೇಕು. ಆದರೆ ದಾರಿಗೆಂದು ಹಣ ಬರುವುದಾದರೆ ಅದು ದಾರಿಯನ್ನು ಹೊತ್ತಿರುವ ಕಟ್ಟಿಗೇ ಸಲ್ಲಬೇಕೆಂಬುದು ನನ್ನ ವಾದವು.

ಸಾಹಿತ್ಯದ ಸಂಘಕ್ಕೂ ಇದಕ್ಕೂ ಏನು ಸಂಬಂಧವೆಂದು ಯಾರಾದರೂ ಕೇಳಬಹುದು. ಈ ಸೀಮೆಯ ಹನೇಹಳ್ಳಿಯಲ್ಲಿ ಹುಟ್ಟಿದ ಯಶವಂತ ಚಿತ್ತಾಲರು ಮುಂಬಯಿಯಲ್ಲಿ ನೆಲಸಿದ್ದರೂ ಆ ಊರನ್ನು ಕನ್ನಡದ ಕಥೆಗಳೊಳಗೆ ಶಾಶ್ವತವಾಗಿ ನೆಲೆಗೊಳಿಸಿದರು. ನಮ್ಮ ಪಕ್ಕದ ಅಂಕೋಲೆಯಲ್ಲಿ ೧೯೩೦ರಲ್ಲಿ ಜನರು ಉಪ್ಪಿನ ಹಕ್ಕಿಗಾಗಿ ಕಡಲಿಗೆ ನಡೆದರು. ನೆಲವನ್ನು ಕಾಲಿನಿಂದ ಬಲ್ಲವರೇ ಅದರ ಪರವಾಗಿ ಬರೆಯಬಲ್ಲರು, ನಿಲ್ಲಬಲ್ಲರು. ಗಜನಿ, ಕಗ್ಗ, ಕುರ್ವೆ, ತಾರಿ, ಸಂಕ, ಬಳಚು ಎಂಬ ಶಬ್ದಗಳು ನಿಘಂಟಿನಲ್ಲಿ ಉಳಿದು ನೆಲದಿಂದ ಹೋದರೆ ಭಾಷೆಯನ್ನು ಕಾಪಾಡಿದೆವೆಂದು ನಾವು ಹೇಳಿಕೊಳ್ಳುವುದು ಹೇಗೆ?

ಆದುದರಿಂದ ಸಂಘದ ಕಾರ್ಯಕಾರೀ ಮಂಡಳಿಯವರಲ್ಲಿ ನನ್ನ ಬಿನ್ನಹಗಳು ಮೂರು. ಬರುವ ಕೊಯ್ಲಿನ ತರುವಾಯ ಸದಸ್ಯರು ಎರಡೆರಡು ಜನರಾಗಿ ಹೊರಟು, ಊರಿನ ಹಿರಿಯರನ್ನು ಜೊತೆಗೆ ಕರೆದುಕೊಂಡು, ಅಘನಾಶಿನಿಯ ಎರಡು ದಂಡೆಗಳ ಕಟ್ಟಿನ ದಾರಿ, ಸಂಕ, ತಾರಿಗಳನ್ನು ಅವುಗಳ ಸ್ಥಳೀಯ ಹೆಸರುಗಳೊಡನೆ ಬರೆದುಕೊಳ್ಳಲಿ. ಆ ಪಟ್ಟಿಯನ್ನು ಆಯಾ ಗ್ರಾಮ ಪಂಚಾಯತಿಯ ಸಭೆಯ ಮುಂದಿಟ್ಟು, ರೈತರ ಒಪ್ಪಿಗೆಯಿಂದ ದಾಖಲೆ ಮಾಡಿಸಲಿ. ತದಡಿಯ ಅಳಿವೆಯಲ್ಲಿ ಯಾವ ನಡಿಗೆಯ ದಾರಿಯ ಯೋಜನೆಯು ಬಂದರೂ, ಅದರ ವೆಚ್ಚದಲ್ಲಿ ಕಟ್ಟಿನ ಮಣ್ಣಿಗೆ ಎಷ್ಟೆಂಬ ಒಂದೇ ಪ್ರಶ್ನೆಯನ್ನು ಸಂಘವು ಬರಹದಲ್ಲಿ ಕೇಳಲಿ. ಉತ್ತರವು ಬಾರದ ಯೋಜನೆಯನ್ನು ವಿರೋಧಿಸಲಿ. ಮೊದಲನೆಯ ಕೆಲಸಕ್ಕೆ ಹಣವು ಬೇಕಾಗಿಲ್ಲ. ಮಾಸೂರಿನ ಕಡೆಗೆ ಹೊರಡುವ ಮೊದಲನೆಯ ಜೋಡಿಯಲ್ಲಿ ಒಬ್ಬನಾಗಿ ನನ್ನ ಹೆಸರನ್ನು ಬರೆದುಕೊಳ್ಳಬಹುದು. ಎರಡನೆಯ ಹೆಸರನ್ನು ವಾಚಕರಲ್ಲಿ ಯಾರಾದರೂ ಕೊಡಲಿ.